ಹಳೆಯ ಪವರ್ ಟಿಲ್ಲರಿನ ಎಂಜಿನ್ ಬುಡ ಮತ್ತು ಚಾಲನಾ ಭಾಗಗಳ ದುರಸ್ತಿ

ತುಂಗಭದ್ರಾ ಎಡದಂಡೆಯ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿಯೂ ಬಲದಂಡೆಯ ಕಂಪ್ಲಿ, ಸಿರುಗುಪ್ಪ ಭಾಗದಲ್ಲಿಯೂ ಭತ್ತದ ಗದ್ದೆಯ ಕೆಸರಿನಲ್ಲಿ ವರ್ಷಗಟ್ಟಲೆ ದುಡಿದ ಹಳೆಯ ಪವರ್ ಟಿಲ್ಲರುಗಳು ಇಂದಿಗೂ ಸಾಕಷ್ಟಿವೆ. ಇವುಗಳ ಬಗ್ಗೆ ರೈತರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಬೆಲ್ಟ್ ಜಾರುತ್ತದೆ, ಕ್ಲಚ್ ಹಿಡಿಯುವುದಿಲ್ಲ, ಗೇರು ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಅರ್ಧ ಗಂಟೆ ಹೊಡೆದರೆ ಕೈಗಳು ಜೋಮು ಹಿಡಿಯುತ್ತವೆ. ಸಾಮಾನ್ಯವಾಗಿ ಮೊದಲು ಬದಲಾಗುವುದು ಬೆಲ್ಟ್, ಆಮೇಲೆ ಕ್ಲಚ್ ಪ್ಲೇಟ್, ಕೊನೆಗೆ ಗೇರ್ ಬಾಕ್ಸ್ ಬಿಚ್ಚುವ ಮಾತು ಬರುತ್ತದೆ. ಎಂಜಿನ್ನನ್ನು ಚಾಸಿಗೆ, ಅಂದರೆ ಯಂತ್ರದ ಕಬ್ಬಿಣದ ಚೌಕಟ್ಟಿಗೆ, ಹಿಡಿದಿಟ್ಟಿರುವ ನಾಲ್ಕು ಬೋಲ್ಟುಗಳ ಕಡೆಗೆ ಯಾರೂ ನೋಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ದುರಸ್ತಿ ಆರಂಭವಾಗಬೇಕಾದದ್ದು ಅಲ್ಲಿಂದಲೇ. ಬುಡ ಸರಿಯಾಗದೆ ಮುಂದಿನ ಯಾವ ಭಾಗಕ್ಕೆ ಹಾಕಿದ ಹಣವೂ ನಿಲ್ಲುವುದಿಲ್ಲ.

ಇದಕ್ಕೆ ಕಾರಣ ಯಂತ್ರದ ರಚನೆಯಲ್ಲಿಯೇ ಇದೆ. ಟಿಲ್ಲರಿನದು ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಅದು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಗಂಟೆಗೆ 1,20,000 ಬಾರಿ ಪಿಸ್ಟನ್ನಿನ ಹೊಡೆತ ಬುಡದ ಬೋಲ್ಟುಗಳಿಗೆ ತಲುಪುತ್ತದೆ. ಅದರ ಜೊತೆಗೆ ಬೆಲ್ಟುಗಳು ಇರುವುದು ಎಂಜಿನ್ನಿನ ಒಂದೇ ಬದಿಗೆ, ಮತ್ತು ಅವು ಎಂಜಿನ್ನನ್ನು ಸದಾ ಹಿಂದಕ್ಕೆ, ಗೇರ್ ಬಾಕ್ಸಿನ ಕಡೆಗೆ ಎಳೆಯುತ್ತಿರುತ್ತವೆ. ಬೆಲ್ಟ್ ಬಿಗಿ ಮಾಡುವ ಸಲುವಾಗಿ ಬುಡದ ತೂತುಗಳನ್ನು ಉದ್ದವಾಗಿಯೇ ಕೊರೆದಿರುವುದರಿಂದ, ಬೋಲ್ಟ್ ಸ್ವಲ್ಪ ಸಡಿಲವಾದರೂ ಬೆಲ್ಟಿನ ಬದಿಯ ಪಾದ (ಬೋಲ್ಟ್ ಹಾಕುವ ಎಂಜಿನ್ನಿನ ಕಾಲು) ಹಿಂದೆ ಸರಿದು ಎಂಜಿನ್ ಓರೆಯಾಗುತ್ತದೆ. ಎಂಜಿನ್ ಓರೆಯಾದರೆ ಪುಲ್ಲಿಗಳ ನೇರ ತಪ್ಪಿ ಬೆಲ್ಟಿನ ಒಂದು ಕೆನ್ನೆ ಸವೆಯುತ್ತದೆ. ಸವೆದ ಬೆಲ್ಟ್ ಜಾರುವುದನ್ನು ಕಂಡು ಚಾಲಕ ಇನ್ನಷ್ಟು ಬಿಗಿ ಮಾಡುತ್ತಾನೆ. ಆ ಅತಿಯಾದ ಬಿಗಿ ಕ್ಲಚ್ ಶಾಫ್ಟಿನ ಬೇರಿಂಗನ್ನು ತಿಂದು, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಕೆಡಿಸಿ, ಪ್ಲೇಟುಗಳ ಮೇಲೆ ಎಣ್ಣೆ ಬೀಳುವಂತೆ ಮಾಡುತ್ತದೆ. ಹೀಗೆ ಒಂದು ಸಡಿಲ ನಟ್ಟಿನಿಂದ ಹೊರಟ ದೋಷ ಗೇರ್ ಬಾಕ್ಸಿನವರೆಗೆ ಹೋಗುತ್ತದೆ.

ಈ ಕೆಲಸಕ್ಕೆ ಕಾಲುವೆಯಲ್ಲಿ ನೀರಿಲ್ಲದ ತಿಂಗಳುಗಳೇ ಸೂಕ್ತ. ಮುಂಗಾರಿ ಭತ್ತದ ಕಟಾವಿನ ನಂತರ, ಅಥವಾ ಎರಡನೇ ಬೆಳೆ ಮುಗಿದು ಜುಲೈಯ ನೀರಿಗೆ ಕಾಯುವ ಬೇಸಿಗೆಯಲ್ಲಿ, ಬಿಡಿಭಾಗ ಸಿಗಲು ನಾಲ್ಕು ದಿನ ತಡವಾದರೂ ನಷ್ಟವಾಗುವುದಿಲ್ಲ. ನೀರು ಬಿಟ್ಟ ಮೇಲೆ ಲೇತ್ ಅಂಗಡಿಯವನೂ ಮೆಕ್ಯಾನಿಕ್ಕೂ ಒಬ್ಬರೂ ಕೈಗೆ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಬಿಚ್ಚುವ ಮುನ್ನ

ಯಂತ್ರವನ್ನು ಮಟ್ಟಸವಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮುಂದಿನ ಸ್ಟ್ಯಾಂಡ್ ಇಳಿಸಿ, ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಸೆಲ್ಫ್ ಸ್ಟಾರ್ಟ್ ಇರುವ ಯಂತ್ರದಲ್ಲಿ ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಬೇಕು. ಬುಡದಲ್ಲಿ ಅಂಟಿದ ಎರೆಮಣ್ಣು ಒಣಗಿದರೆ ಕಲ್ಲಿನಷ್ಟು ಗಟ್ಟಿಯಾಗುವುದರಿಂದ ಹಿಂದಿನ ದಿನವೇ ನೀರು ಹೊಡೆದು ನೆನೆಸಿ, ಕೆರೆದು ತೆಗೆದು, ಆಮೇಲೆ ಡೀಸೆಲ್ ಹಚ್ಚಿ ಒರೆಸುವುದು ಒಳ್ಳೆಯದು. ಚೌಳು ಹಿಡಿದ ಗದ್ದೆಗಳಲ್ಲಿ ಓಡಾಡಿದ ಯಂತ್ರಗಳ ಬೋಲ್ಟುಗಳು ತುಕ್ಕು ತಿಂದು ಅಂಟಿಕೊಂಡಿರುತ್ತವೆ. ಅವುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಇರಿಸಬೇಕು. ಪಾನಾಕ್ಕೆ ಪೈಪ್ ತೊಡಿಸಿ ಎಳೆದರೆ ಬೋಲ್ಟ್ ತುಂಡಾಗಿ ಕೆಲಸ ಎರಡರಷ್ಟಾಗುತ್ತದೆ.

ಬಿಚ್ಚುವ ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕ್ಲಚ್ ಪ್ಲೇಟುಗಳ ಸಾಲು, ವಾಷರುಗಳ ದಪ್ಪ, ಲಿವರಿನ ತಂತಿ ಯಾವ ತೂತಿನಲ್ಲಿತ್ತು ಎಂಬುದು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಎಂಜಿನ್ ಇಳಿಸಲೇಬೇಕಾದರೆ ಚೈನ್ ಪುಲ್ಲಿ ಬೇಕು. ಈ ಎಂಜಿನ್ನುಗಳ ತೂಕ ನೂರು ಕಿಲೋದ ಆಸುಪಾಸಿನಲ್ಲಿರುತ್ತದೆ. ಇಬ್ಬರು ಹಿಡಿದು ಎತ್ತುವ ಸಾಹಸವನ್ನೂ, ಬೇವಿನ ಮರದ ಕೊಂಬೆಗೆ ಹಗ್ಗ ಹಾಕುವ ರೂಢಿಯನ್ನೂ ನಾನು ಒಪ್ಪುವುದಿಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಬಾಡಿಗೆಗೆ ಸಿಕ್ಕೇ ಸಿಗುತ್ತದೆ. ನೇತಾಡುವ ಎಂಜಿನ್ನಿನ ಕೆಳಗೆ ಕೈಯಿಡದೆ, ಅದನ್ನು ಮರದ ದಿಮ್ಮಿಗಳ ಮೇಲೆ ಇಳಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋಗಬೇಕು.

ಬುಡದ ಪರೀಕ್ಷೆ

ಎಂಜಿನ್ ಇಳಿಸುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಪಾದ ಮತ್ತು ಚಾಸಿ ಸೇರುವ ಗೆರೆಯನ್ನು ಹತ್ತಿರದಿಂದ ನೋಡಿ. ಅಲ್ಲಿ ಕೆಂಪು ಕಂದು ಬಣ್ಣದ ನುಣುಪಾದ ಪುಡಿ ಕಂಡರೆ ಎರಡು ಲೋಹಗಳು ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿವೆ ಎಂದೇ ಅರ್ಥ. ಬೋಲ್ಟ್ ಕೈಗೆ ಬಿಗಿಯಾಗಿ ಕಂಡರೂ ಅದು ಹಿಡಿತ ಕಳೆದುಕೊಂಡಿದೆ. ವಾಷರಿನ ಸುತ್ತ ಬಣ್ಣ ಹೋಗಿ ಬೆಳ್ಳಿಯಂತೆ ಹೊಳೆಯುವ ಉಂಗುರ ಇದ್ದರೂ ಇದೇ ಮಾತು.

ಎಂಜಿನ್ ಎತ್ತಿದ ಮೇಲೆ ಚಾಸಿಯ ಎರಡೂ ಪಟ್ಟಿಗಳಲ್ಲಿ ಬಿರುಕು ಹುಡುಕಬೇಕು. ಬೋಲ್ಟ್ ತೂತಿನ ಮೂಲೆ, ಹಳೆಯ ವೆಲ್ಡಿಂಗಿನ ಅಂಚು, ಚಾಸಿ ಗೇರ್ ಬಾಕ್ಸಿಗೆ ಸೇರುವ ಜಾಗ, ಈ ಮೂರರಲ್ಲಿಯೇ ಬಿರುಕು ಮೊದಲು ಕಾಣಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕನ್ನು ಹಿಡಿಯಲು ಸುಲಭ ಉಪಾಯವಿದೆ: ಜಾಗವನ್ನು ಉಜ್ಜಿ, ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಿಂದ ಪೂರ್ತಿ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿನೊಳಗೆ ಉಳಿದ ಎಣ್ಣೆ ಮೇಲಕ್ಕೆ ಜಿನುಗಿ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಎಂಜಿನ್ನಿನ ಪಾದಗಳಿಗೂ ಇದೇ ಪರೀಕ್ಷೆ ಮಾಡಬೇಕು.

ಚಾಸಿಯ ಬಿರುಕಿಗೆ ಮೇಲಿಂದ ಮೇಲೆ ವೆಲ್ಡಿಂಗ್ ಎಳೆದರೆ ಒಂದು ಹಂಗಾಮೂ ಬಾಳುವುದಿಲ್ಲ. ಮೊದಲು ಬಿರುಕು ಮುಗಿಯುವ ತುದಿಯಲ್ಲಿ 5 ಅಥವಾ 6 ಮಿ.ಮೀ. ತೂತು ಕೊರೆದು ಅದು ಮುಂದೆ ಹರಿಯದಂತೆ ತಡೆಯಬೇಕು. ನಂತರ ಬಿರುಕಿನುದ್ದಕ್ಕೂ ಗ್ರೈಂಡರಿನಿಂದ ವಿ ಆಕಾರದ ಕಾಲುವೆ ತೆಗೆದು, ಅದನ್ನು ತುಂಬಿ, ಮೇಲೆ 6 ಮಿ.ಮೀ. ಪ್ಲೇಟ್ ಕೂಡಿಸಿ ಬೆಸೆಯಬೇಕು. ಸಾದಾ ವೆಲ್ಡಿಂಗ್ ರಾಡಿಗಿಂತ 7018 ಎಂಬ ಗುರುತಿನ ರಾಡ್ ಇದಕ್ಕೆ ಮೇಲು. ಆದರೆ ಅದು ತೇವ ಹೀರಿಕೊಂಡರೆ ಪ್ರಯೋಜನವಿಲ್ಲ, ಆದ್ದರಿಂದ ಒಲೆಯಲ್ಲಿ ಕಾಯಿಸಿ ಒಣಗಿಸಿದ ರಾಡನ್ನೇ ಬಳಸುವಂತೆ ವೆಲ್ಡರಿಗೆ ಹೇಳಬೇಕು. ಡೀಸೆಲ್ ಟ್ಯಾಂಕನ್ನು ಕಳಚಿ ದೂರ ಇಡಬೇಕು. ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲಿಯೇ, ಅದೇ ಪಟ್ಟಿಗೆ ಹಾಕಬೇಕು. ಹ್ಯಾಂಡಲಿಗೋ ಚಕ್ರಕ್ಕೋ ಹಾಕಿದರೆ ವಿದ್ಯುತ್ತು ಗೇರ್ ಬಾಕ್ಸಿನ ಬೇರಿಂಗುಗಳ ಮೂಲಕ ಹಾದು, ಗುಂಡುಗಳ ಮೇಲೆ ಸಣ್ಣ ಸಣ್ಣ ಸುಟ್ಟ ಚುಕ್ಕೆಗಳನ್ನು ಮಾಡುತ್ತದೆ; ಮುಂದೆ ಬೇರಿಂಗ್ ಏಕೆ ಗೊರಗುಟ್ಟುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಎಂಜಿನ್ನಿನ ಪಾದವೇ ಬಿರುಕು ಬಿಟ್ಟಿದ್ದರೆ ವಿಷಯ ಬೇರೆ. ಅದು ಬೀಡುಕಬ್ಬಿಣ. ಸಾದಾ ರಾಡಿನಿಂದ ಬೆಸೆದರೆ ಪಕ್ಕದಲ್ಲಿಯೇ ಹೊಸ ಬಿರುಕು ಏಳುತ್ತದೆ. ಜಾಗವನ್ನು ಕಾಯಿಸಿ, ನಿಕಲ್ ರಾಡಿನಿಂದ ಚೂರು ಚೂರಾಗಿ ಬೆಸೆದು, ನಿಧಾನವಾಗಿ ಆರಲು ಬಿಡುವುದನ್ನು ಬಲ್ಲ ವೆಲ್ಡರ್ ಸಿಕ್ಕರೆ ಮಾತ್ರ ಅದಕ್ಕೆ ಕೈ ಹಾಕಬೇಕು.

ಉದ್ದನೆಯ ತೂತು ಅಗಲವಾಗಿ ಸವೆದಿದ್ದರೆ ದಪ್ಪ ಬೋಲ್ಟ್ ಹಾಕಿ ಸಮಾಧಾನಪಡುವುದು ವಾಡಿಕೆ. ಇದು ಸರಿಯಲ್ಲ, ಏಕೆಂದರೆ ಪಾದವನ್ನು ಹಿಡಿದಿಡುವುದು ಬೋಲ್ಟಿನ ದಪ್ಪಕ್ಕಿಂತ ಹೆಚ್ಚಾಗಿ ಎರಡು ಮೈಗಳ ನಡುವಿನ ಒತ್ತಡ, ಮತ್ತು ಸವೆದು ತಗ್ಗಾದ ಪಟ್ಟಿಯಲ್ಲಿ ಆ ಒತ್ತಡ ಅಂಚಿನಲ್ಲಿ ಮಾತ್ರ ಬೀಳುತ್ತದೆ. ಎರಡೂ ಪಟ್ಟಿಗಳ ಮೇಲೆ ಒಂದೇ ದಪ್ಪದ ಹೊಸ ಪ್ಲೇಟ್ ಕೂಡಿಸಿ, ಅದರಲ್ಲಿ ಸರಿಯಾದ ಅಳತೆಯ ಉದ್ದ ತೂತು ತೆಗೆಸುವುದೇ ಸರಿಯಾದ ದಾರಿ. ಒಂದೇ ಬದಿಗೆ ಪ್ಲೇಟ್ ಹಾಕಿದರೆ ಎಂಜಿನ್ ವಾಲುತ್ತದೆ.

ಎಂಜಿನ್ನನ್ನು ಮತ್ತೆ ಕೂರಿಸಿದಾಗ, ಬೋಲ್ಟ್ ಹಾಕುವ ಮುನ್ನ, ನಾಲ್ಕೂ ಪಾದಗಳು ಪಟ್ಟಿಗೆ ತಾಗಿವೆಯೇ ಎಂದು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಗೊಂಚಲು) ನೋಡಬೇಕು. ಯಾವುದಾದರೂ ಪಾದದ ಕೆಳಗೆ ಗೇಜಿನ 0.2 ಮಿ.ಮೀ. ಎಲೆ ನುಸುಳಿದರೆ ಅಲ್ಲಿಗೆ ಅಷ್ಟೇ ದಪ್ಪದ ತಗಡಿನ ತುಂಡು ಕೊಡಬೇಕು. ಹಾಗೆ ಮಾಡದೆ ಬೋಲ್ಟಿನಿಂದಲೇ ಎಳೆದು ಕೂರಿಸಿದರೆ ಪಾದ ಸದಾ ಬಾಗಿದ ಸ್ಥಿತಿಯಲ್ಲಿದ್ದು ಒಂದು ದಿನ ಮುರಿಯುತ್ತದೆ. ರಟ್ಟು, ಟ್ಯೂಬಿನ ತುಂಡು ಇವು ಯಾವುವೂ ಇಲ್ಲಿ ಬಾರದು.

ಟ್ಯೂಬಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅದುರುವಿಕೆ ಕಡಿಮೆಯಾಗಲೆಂದು ಹಳೆಯ ಟೈರ್ ಕತ್ತರಿಸಿ ಟಿಲ್ಲರ್ ಎಂಜಿನ್ನಿನ ಕೆಳಗೆ ಇಡುವವರಿದ್ದಾರೆ. ಬೆಲ್ಟಿನಿಂದ ನಡೆಯುವ ಯಂತ್ರದಲ್ಲಿ ಬುಡ ಅಲುಗಾಡದೆ ಇದ್ದರೆ ಮಾತ್ರ ಪುಲ್ಲಿಗಳ ನಡುವಿನ ಅಂತರ ನಿಲ್ಲುತ್ತದೆ. ಟೈರ್ ತುಂಡು ಒತ್ತಿಕೊಂಡಂತೆಲ್ಲ ಬೋಲ್ಟೂ ಸಡಿಲ, ಬೆಲ್ಟೂ ಸಡಿಲ. ತಯಾರಕರೇ ರಬ್ಬರ್ ಮೌಂಟ್ ಕೊಟ್ಟಿರುವ ಸಣ್ಣ ತೋಟದ ಯಂತ್ರಗಳಲ್ಲಿ ಮಾತ್ರ ರಬ್ಬರ್ ಇರಬೇಕು. ಅಲ್ಲಿಯೂ ರಬ್ಬರ್ ಎಣ್ಣೆ ಕುಡಿದು ಉಬ್ಬಿದ್ದರೆ, ಲೋಹದಿಂದ ಬಿಟ್ಟುಕೊಂಡಿದ್ದರೆ, ಅಥವಾ ನಮ್ಮ ಭಾಗದ ಬೇಸಿಗೆಗೆ ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಮೂರು ಹಳೆಯವು ಇದ್ದಾಗ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಬೋಲ್ಟುಗಳ ಬಿಗಿ

ಬೋಲ್ಟಿನ ತಲೆಯ ಮೇಲೆ 8.8 ಎಂಬ ಗಟ್ಟಿತನದ ಗುರುತು ಇರಲೇಬೇಕು. ಗುರುತಿಲ್ಲದ ಬೋಲ್ಟ್ ಅಗ್ಗಕ್ಕೆ ಸಿಗುತ್ತದೆ, ಬಿಗಿ ಮಾಡಿದಂತೆಲ್ಲ ಉದ್ದವಾಗುತ್ತದೆ. ಉದ್ದ ತೂತಿನ ಮೇಲೆ ತೆಳು ವಾಷರ್ ಹಾಕಿದರೆ ಅದು ಬಾಗಿ ಒಳಗಿಳಿಯುವುದರಿಂದ ದಪ್ಪನೆಯ ಗಟ್ಟಿ ವಾಷರ್ ಹಾಕಬೇಕು. ಸ್ಪ್ರಿಂಗ್ ವಾಷರಿನ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ನೈಲಾನ್ ಉಂಗುರವಿರುವ ನಟ್ ಅಥವಾ ಎರಡು ನಟ್ ಒಂದರ ಮೇಲೊಂದು ಹಾಕುವುದು ಮೇಲು.

ಯಂತ್ರದ ಕೈಪಿಡಿಯಲ್ಲಿ ಬಿಗಿಯ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಕೈಪಿಡಿ ಇಲ್ಲದಿದ್ದರೆ ಎಣ್ಣೆ ಹಚ್ಚದ 8.8 ಬೋಲ್ಟಿಗೆ, 12 ಮಿ.ಮೀ. ಆದರೆ ಸುಮಾರು 80, 10 ಮಿ.ಮೀ. ಆದರೆ ಸುಮಾರು 45 ನ್ಯೂಟನ್ ಮೀಟರ್ ಸಾಕು. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾ ಇಲ್ಲದವರು ಹತ್ತಿ, ಮೆಣಸಿನಕಾಯಿ ಚೀಲ ತೂಗುವ ಕೊಕ್ಕೆಯ ತಕ್ಕಡಿಯಿಂದಲೇ ಈ ಕೆಲಸ ಮಾಡಿಕೊಳ್ಳಬಹುದು. ಬೋಲ್ಟಿನ ನಡುಮಧ್ಯದಿಂದ 30 ಸೆಂ.ಮೀ. ದೂರದಲ್ಲಿ ಪಾನಾಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ ಎಳೆಯಬೇಕು. ತಕ್ಕಡಿ 27 ಕಿಲೋ ತೋರಿಸಿದಾಗ ಬಿಗಿ 80 ನ್ಯೂಟನ್ ಮೀಟರಿನ ಹತ್ತಿರ ಬಂದಿರುತ್ತದೆ, 10 ಮಿ.ಮೀ. ಬೋಲ್ಟಿಗೆ 15 ಕಿಲೋ ಸಾಕು. ಎಳೆತ ಓರೆಯಾದರೆ ಲೆಕ್ಕ ತಪ್ಪುತ್ತದೆ. ಕೊನೆಯ ಬಿಗಿಯನ್ನು ಬೆಲ್ಟ್ ಹೊಂದಿಸಿದ ಮೇಲೆಯೇ ಕೊಡಬೇಕು, ಅದೂ ಕೋನದಿಂದ ಕೋನಕ್ಕೆ, ಮೂರು ಸುತ್ತಿನಲ್ಲಿ. ಎಲ್ಲ ಮುಗಿದ ಮೇಲೆ ನಟ್ಟಿನಿಂದ ಪಟ್ಟಿಯವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಮುಂದೆ ನಟ್ ತಿರುಗಿದರೆ ಗೆರೆ ಮುರಿದು ದೂರದಿಂದಲೇ ಕಾಣುತ್ತದೆ.

ಪುಲ್ಲಿ ಮತ್ತು ಬೆಲ್ಟ್

ಹೊಸ ಬೆಲ್ಟ್ ತರುವ ಮೊದಲು ಪುಲ್ಲಿಯ ಗಾಡಿಗಳನ್ನು, ಅಂದರೆ ಬೆಲ್ಟ್ ಕೂರುವ ತೋಡುಗಳನ್ನು, ನೋಡಬೇಕು. ವಿ ಬೆಲ್ಟ್ ಹಿಡಿಯುವುದು ಎರಡೂ ಕೆನ್ನೆಗಳಿಂದ; ಅದರ ತಳ ಪುಲ್ಲಿಗೆ ತಾಗಬಾರದು. ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ ಸವೆದು ಬೆಲ್ಟ್ ಕೆಳಗಿಳಿದಿದೆ. ಬಿ ಅಳತೆಯ ಬೆಲ್ಟ್ ಹೊಸದಾಗಿದ್ದಾಗ ಮೇಲಿನ ಅಗಲ 17 ಮಿ.ಮೀ., ದಪ್ಪ 11 ಮಿ.ಮೀ. ಇರುತ್ತದೆ. ಹೊಸ ಬೆಲ್ಟ್ ಹಾಕಿದಾಗಲೂ ಅದು ಪುಲ್ಲಿಯ ಅಂಚಿಗಿಂತ ಸ್ಪಷ್ಟವಾಗಿ ಕೆಳಗೆ ಕೂತರೆ ಪುಲ್ಲಿಯನ್ನೇ ಬದಲಿಸಬೇಕು. ಬೆಲ್ಟುಗಳನ್ನು ಎಂದಿಗೂ ಒಂದೊಂದಾಗಿ ಬದಲಿಸದೆ, ಒಂದೇ ತಯಾರಿಕೆಯ ಪೂರ್ತಿ ಜೊತೆಯನ್ನೇ ಹಾಕಬೇಕು. ಹಳೆಯ ಬೆಲ್ಟ್ ಉದ್ದವಾಗಿರುವುದರಿಂದ ಮಿಶ್ರ ಜೊತೆಯಲ್ಲಿ ಹೊಸದೊಂದೇ ಭಾರ ಎಳೆದು ಬೇಗ ಹೋಗುತ್ತದೆ. ಚಾಣದಿಂದ ಮೀಟಿ ಬೆಲ್ಟ್ ಏರಿಸಿದರೆ ಒಳಗಿನ ನೂಲು ಹರಿಯುತ್ತದೆ. ಎಂಜಿನ್ನನ್ನು ಹಿಂದೆ ಸರಿಸಿ, ಕೈಯಿಂದಲೇ ಕೂರಿಸಿ, ಆಮೇಲೆ ಮುಂದೆ ತರಬೇಕು.

ಪುಲ್ಲಿಗಳ ನೇರ ನೋಡಲು ದಾರ ಸಾಕು. ಎರಡೂ ಪುಲ್ಲಿಗಳ ಅಂಚಿನ ದಪ್ಪ ಒಂದೇ ಆಗಿದ್ದರೆ, ದಾರವನ್ನು ಬಿಗಿಯಾಗಿ ಎಳೆದು ಹಿಡಿದಾಗ ಅದು ಪ್ರತಿ ಪುಲ್ಲಿಯ ಎರಡು ಅಂಚುಗಳಿಗೂ, ಅಂದರೆ ಒಟ್ಟು ನಾಲ್ಕು ಕಡೆ, ತಾಗಬೇಕು. ಅರ್ಧ ಮೀಟರ್ ಅಂತರದಲ್ಲಿ 3 ಮಿ.ಮೀ.ಗಿಂತ ಹೆಚ್ಚು ಓರೆ ಇರಬಾರದು. ಓರೆ ಇದ್ದರೆ ಎಂಜಿನ್ನಿನ ಬೆಲ್ಟ್ ಬದಿಯ ಪಾದವನ್ನು ಮುಂದೆ ತಳ್ಳಿ ಸರಿಪಡಿಸಬೇಕು.

ಬಿಗಿಯ ವಿಷಯದಲ್ಲಿ ಕೈಪಿಡಿಯ ಅಳತೆ ಸಿಗದಿದ್ದರೆ ಸಾಮಾನ್ಯ ನಿಯಮ ಹೀಗಿದೆ: ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಬಿಡುವಿನ ಉದ್ದ ಒಂದು ಮೀಟರಿದ್ದರೆ, ನಡುವೆ ಎರಡು ಮೂರು ಕಿಲೋ ಭಾರದಷ್ಟು ಒತ್ತಿದಾಗ ಪ್ರತಿ ಬೆಲ್ಟ್ 16 ಮಿ.ಮೀ. ಇಳಿಯಬೇಕು, ಅರ್ಧ ಮೀಟರಿದ್ದರೆ 8 ಮಿ.ಮೀ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳಲ್ಲಿ ಕೂತುಕೊಂಡು ಸಡಿಲವಾಗುವುದು ಸಹಜ, ಆಗ ಮತ್ತೊಮ್ಮೆ ಹೊಂದಿಸಬೇಕು. ಜಾರುವ ಬೆಲ್ಟಿಗೆ ರಾಳ ಅಥವಾ ಅಂಟು ಹಚ್ಚುವುದು ಒಂದು ದಿನದ ಮದ್ದು. ಧೂಳು ಹಿಡಿದು ಅದೇ ಉಜ್ಜುಕಾಗದವಾಗುತ್ತದೆ.

ಕ್ಲಚ್

ಹೆಚ್ಚಿನ ಟಿಲ್ಲರುಗಳಲ್ಲಿ ಕ್ಲಚ್ ದೊಡ್ಡ ಪುಲ್ಲಿಯೊಳಗೇ ಇರುವ ಒಣ ಪ್ಲೇಟುಗಳ ಜೋಡಣೆ. ಮುಚ್ಚಳ ತೆಗೆದಾಗ ಕಾಣುವ ಕಪ್ಪು ಧೂಳನ್ನು ಊದಬಾರದು, ಗಾಳಿಯೂ ಹೊಡೆಯಬಾರದು. ಪ್ಲೇಟಿನ ಮೇಲಿನ ಹಿಡಿತದ ಪದರವಾದ ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಎಣ್ಣೆ ಒಳಗೆ ಇಳಿದ ಲೈನಿಂಗ್ ಪ್ಲೇಟನ್ನು ಸುಟ್ಟು ಶುಚಿ ಮಾಡುವುದು ವ್ಯರ್ಥ. ಅದನ್ನು ಬದಲಿಸಿ, ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿ ಆ ಸೀಲನ್ನೂ ಬದಲಿಸಬೇಕು. ಉಕ್ಕಿನ ಪ್ಲೇಟು ನೀಲಿ ಬಣ್ಣಕ್ಕೆ ತಿರುಗಿದ್ದರೆ ವಿಪರೀತ ಕಾದಿದೆ. ದಪ್ಪ ಗಾಜಿನ ಮೇಲಿಟ್ಟು ಬಾಗಿದೆಯೇ ನೋಡಿ. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದಾಗ ಒಂದು ಗಿಡ್ಡವಾಗಿ ಕಂಡರೆ ಎಲ್ಲವನ್ನೂ ಬದಲಿಸುವುದೇ ಲೇಸು. ಜೋಡಿಸಿದ ಮೇಲೆ ಲಿವರಿನಲ್ಲಿ ಸ್ವಲ್ಪ ಬಿಡುವು ಉಳಿಯಬೇಕು. ಬಿಡುವೇ ಇಲ್ಲದಿದ್ದರೆ ಕ್ಲಚ್ ಅರ್ಧ ಬಿಟ್ಟ ಸ್ಥಿತಿಯಲ್ಲಿಯೇ ಉಳಿದು ಪ್ಲೇಟ್ ಸುಡುತ್ತದೆ.

ಗೇರ್ ಬಾಕ್ಸ್ ಮತ್ತು ಆಕ್ಸಲ್ ಸೀಲ್

ಗೇರ್ ಬಾಕ್ಸ್ ಬಿಚ್ಚುವ ಮುನ್ನ ಅದರ ಎಣ್ಣೆಯೇ ಒಳಗಿನ ಸ್ಥಿತಿಯನ್ನು ತಿಳಿಸುತ್ತದೆ. ಯಂತ್ರವನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ತಳದ ಪ್ಲಗ್ಗನ್ನು ಎರಡು ಸುತ್ತು ಮಾತ್ರ ಸಡಿಲಿಸಿದರೆ, ನೀರು ಸೇರಿದ್ದಲ್ಲಿ ಮೊದಲು ನೀರೇ ಬರುತ್ತದೆ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಬಹಳ ದಿನದಿಂದ ಒಳಗಿದೆ. ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿದಾಗ ಬೂದು ಬಣ್ಣದ ನುಣುಪಾದ ಲೇಪ ಬಂದರೆ ಅದು ಸಾಧಾರಣ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಬಂದರೆ ಗೇರಿನ ಹಲ್ಲು ಮುರಿದಿದೆ, ಬಿಚ್ಚದೆ ಗತಿಯಿಲ್ಲ.

ನಮ್ಮ ಗದ್ದೆಗಳಲ್ಲಿ ನೀರು ಒಳಹೋಗುವ ದಾರಿ ಚಕ್ರದ ಆಕ್ಸಲಿನ ಸೀಲ್. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಹೊಡೆಯುವಾಗ ಭತ್ತದ ಹುಲ್ಲು ಆಕ್ಸಲಿಗೆ ಸುತ್ತಿಕೊಂಡು, ತಿರುಗುತ್ತಾ ತಿರುಗುತ್ತಾ ಹಗ್ಗದಂತೆ ಬಿಗಿಯಾಗಿ, ಸೀಲಿನ ತುಟಿಯ ಕೆಳಗೆ ನುಸುಳಿ ಅದನ್ನು ಕತ್ತರಿಸುತ್ತದೆ. ಹಳೆಯ ಸೀಲಿನ ಮೇಲಿರುವ ಅಳತೆಯನ್ನು ಬರೆದುಕೊಂಡು ಹೊಸದನ್ನು ತರಬೇಕು. ಒಳಗಿನ ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗೆ ಇರಬೇಕು. ಶಾಫ್ಟಿನ ಹಲ್ಲುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ತುಟಿಗೆ ಗ್ರೀಸ್ ಸವರಿ, ಸೀಲಿನ ಹೊರ ಅಂಚಿನಷ್ಟೇ ಅಗಲವಿರುವ ಪೈಪ್ ತುಂಡಿನಿಂದ ಸಮನಾಗಿ ಬಡಿದು ಕೂರಿಸಬೇಕು. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿಗೆ ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು 2 ಮಿ.ಮೀ. ಒಳಗೆ ಅಥವಾ ಹೊರಗೆ ಕೂರಿಸಬೇಕು, ಇಲ್ಲದಿದ್ದರೆ ಲೇತಿನಲ್ಲಿ ಶಾಫ್ಟಿಗೆ ತೋಳು (ಸ್ಲೀವ್) ಹಾಕಿಸಬೇಕು.

ಬೇರಿಂಗನ್ನು ಅದರ ಮೇಲಿನ ಸಂಖ್ಯೆ ನೋಡಿಯೇ ತರಬೇಕು. 6205 ಎಂದರೆ ಒಳಗೆ 25, ಹೊರಗೆ 52, ಅಗಲ 15 ಮಿ.ಮೀ.; 6206 ಎಂದರೆ 30, 62, 16 ಮಿ.ಮೀ. ಸಂಖ್ಯೆ ಅಳಿಸಿದ್ದರೆ ಈ ಅಳತೆಗಳಿಂದ ಗುರುತಿಸಬಹುದು. ಶಾಫ್ಟಿಗೆ ಏರಿಸುವಾಗ ಒಳ ಉಂಗುರಕ್ಕೆ ಮಾತ್ರ, ಕವಚಕ್ಕೆ ಕೂರಿಸುವಾಗ ಹೊರ ಉಂಗುರಕ್ಕೆ ಮಾತ್ರ ಪೆಟ್ಟು ಬೀಳಬೇಕು.

ಗೇರು ತಾನಾಗಿ ಬಿಡುತ್ತಿದ್ದರೆ ಮೊದಲು ಲಿವರಿನ ದಂಡವನ್ನು ತಡೆಯುವ ಗುಂಡು ಮತ್ತು ಸ್ಪ್ರಿಂಗ್ ನೋಡಿ. ಅದು ಹೆಚ್ಚಿನ ಯಂತ್ರಗಳಲ್ಲಿ ಹೊರಗಿನಿಂದಲೇ ಒಂದು ಬೋಲ್ಟ್ ಬಿಚ್ಚಿದರೆ ಸಿಗುತ್ತದೆ. ಅದು ಸರಿಯಿದ್ದರೆ ಮಾತ್ರ ಗೇರನ್ನು ಸರಿಸುವ ಫೋರ್ಕಿನ ಸವೆತ, ಗೇರಿನ ಹಲ್ಲಿನ ಅಂಚು ದುಂಡಗಾಗಿರುವುದು ಇತ್ಯಾದಿಗಳ ಕಡೆಗೆ ಹೋಗಬೇಕು. ಮರಳಿ ತುಂಬುವ ಎಣ್ಣೆ ಕೈಪಿಡಿ ಹೇಳಿದ ದರ್ಜೆಯದಾಗಿರಬೇಕು ಮತ್ತು ಮಟ್ಟದ ಗುರುತನ್ನು ಮೀರಬಾರದು. ಹೆಚ್ಚಾದ ಎಣ್ಣೆ ಕಾದು ಸೀಲುಗಳನ್ನು ಹೊರಗೆ ತಳ್ಳುತ್ತದೆ.

ಚಾಲನೆ ಮತ್ತು ಮರುಬಿಗಿ

ಬೆಲ್ಟಿನ ಕವಚ ಹಾಕದೆ ಎಂಜಿನ್ ಶುರು ಮಾಡಬಾರದು. ಲುಂಗಿ, ಟವೆಲ್ಲು ಬೆಲ್ಟಿಗೆ ಸಿಕ್ಕು ಆದ ಅನಾಹುತಗಳನ್ನು ಹಳ್ಳಿಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಭಾರವಿಲ್ಲದೆ ಎಲ್ಲ ಗೇರುಗಳನ್ನೂ ಹಾಕಿ ನೋಡಿ, ನಂತರ ಮಟ್ಟಸ ಜಾಗದಲ್ಲಿ ಎಡ ಬಲ ಸ್ಟೀರಿಂಗ್ ಕ್ಲಚ್ಚುಗಳು (ಆಯಾ ಬದಿಯ ಚಕ್ರಕ್ಕೆ ಹೋಗುವ ಶಕ್ತಿಯನ್ನು ಬಿಡಿಸಿ ಯಂತ್ರವನ್ನು ಆ ಬದಿಗೆ ತಿರುಗಿಸುವವು) ಒಂದೇ ಎಳೆತಕ್ಕೆ ಬಿಡುತ್ತವೆಯೇ ಎಂದು ಪರೀಕ್ಷಿಸಬೇಕು. ಕಾಲುವೆ ಏರಿಯಿಂದ ಇಳಿಯುವಾಗ ಯಂತ್ರವೇ ಎಂಜಿನ್ನನ್ನು ತಳ್ಳುವುದರಿಂದ, ಎಡದ ಕ್ಲಚ್ ಹಿಡಿದರೆ ಯಂತ್ರ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಈ ಕ್ಲಚ್ಚುಗಳನ್ನು ಮುಟ್ಟದೆ, ಕೆಳ ಗೇರಿನಲ್ಲಿ, ಹ್ಯಾಂಡಲಿನ ಬಲದಿಂದಲೇ ತಿರುಗಿಸಬೇಕೆಂದು ಹೊಸ ಚಾಲಕನಿಗೆ ತಪ್ಪದೆ ಹೇಳಿರಿ.

ಮೂರು ನಾಲ್ಕು ಗಂಟೆ ಕೆಲಸವಾದ ಮೇಲೆ ಎಂಜಿನ್ ತಣ್ಣಗಾದಾಗ ಬುಡದ ನಾಲ್ಕೂ ಬೋಲ್ಟುಗಳಿಗೆ ಅದೇ ತಕ್ಕಡಿ ಹಿಡಿದು ಬಿಗಿ ನೋಡಬೇಕು, ಬೆಲ್ಟಿನ ಇಳಿತವನ್ನೂ ಅಳೆಯಬೇಕು. ಬಣ್ಣದ ಗೆರೆ ಎಲ್ಲಾದರೂ ಮುರಿದಿದ್ದರೆ ಅದನ್ನು ಬಿಗಿ ಮಾಡಿ ಬಿಡದೆ, ಆ ಪಾದದ ಕೆಳಗೆ ಮತ್ತೆ ಫೀಲರ್ ಗೇಜ್ ಹಾಕಿ ನೋಡಬೇಕು. ಕೆಸರು ಹೊಡೆದ ದಿನ ಸಂಜೆ ಚಕ್ರ ತೊಳೆಯುವಾಗ ಆಕ್ಸಲಿಗೆ ಸುತ್ತಿದ ಹುಲ್ಲನ್ನು ಕುಡುಗೋಲಿನ ತುದಿಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಗೇರ್ ಬಾಕ್ಸಿನ ತಳದ ಪ್ಲಗ್ಗನ್ನು ಒಮ್ಮೆ ಸಡಿಲಿಸಿ ನೀರಿನ ಹನಿ ಬರುತ್ತದೆಯೇ ಎಂದು ನೋಡಿ, ಬಾರದಿದ್ದರೆ ಮತ್ತೆ ಬಿಗಿ ಮಾಡಿ ಕೆಲಸಕ್ಕೆ ಬಿಡಬಹುದು.